ವ್ಯಾಲ್ಯುಯರ್ ಬರುವ ಮುಂಚೆ: ವ್ಯಾಪಾರದ ಆಸ್ತಿ ಮೌಲ್ಯಮಾಪನಕ್ಕೆ ಕಾಗದಪತ್ರ ಹೊಂದಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಕೂತು ಸಣ್ಣ ಕಾರ್ಖಾನೆ, ಪ್ರೆಸ್, ಜಿನ್ನಿಂಗ್ ಮಿಲ್, ಮಸಾಲೆ ಗಿರಣಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಯಾವುದೋ ಒಂದು ಪಾರ್ಟಿಗೆ ವ್ಯಾಲ್ಯುಯೇಶನ್ ಅಂತ ಬಂದಾಗ ಫೋನು ಮೊದಲು ನನಗೇ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ವ್ಯಾಲ್ಯುಯರ್ ಮುಂದಿನ ವಾರ ಬರುತ್ತಾರೆ. ಮೊದಲು ಯಾವ ಫೈಲ್ ತೆಗೆಯಲಿ?

ಫೈಲ್ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಒಂದು ನೋಟ್‌ಬುಕ್, ಒಂದು ಟಾರ್ಚ್, ಡೀಸೆಲ್‌ನಲ್ಲಿ ಅದ್ದಿದ ಒಂದು ಹಿಡಿ ಕಾಟನ್ ವೇಸ್ಟ್ ಹಿಡಿದು ಶೆಡ್ಡಿಗೆ ಹೋಗಿ. ಬಾಗಿಲಿನಿಂದ ಎಡಗಡೆಗೆ ತಿರುಗಿ, ಒಂದೊಂದೇ ಯಂತ್ರದ ಮುಂದೆ ನಿಂತು ಬರೆದುಕೊಳ್ಳುತ್ತಾ ಬನ್ನಿ. ನೇಮ್‌ಪ್ಲೇಟಿನ ಮೇಲೆ ಎಣ್ಣೆ-ಧೂಳು ಕೂತಿರುತ್ತದೆ, ಇಲ್ಲವೇ ದೀಪಾವಳಿ ಪೂಜೆಗೆ ಮುಂಚೆ ಯಾರೋ ಅದರ ಮೇಲೇ ಹಸಿರು ಪೇಂಟ್ ಹೊಡೆದಿರುತ್ತಾರೆ. ಡೀಸೆಲ್ ಹಚ್ಚಿ ತಿಕ್ಕಿದರೆ ಅಕ್ಷರ ಕಾಣುತ್ತವೆ.

ಹೀಗೇಕೆ ಎಂದರೆ, ನಾವು ಫೈಲಿನಿಂದ ಶುರು ಮಾಡಿದರೆ ಪಟ್ಟಿಯಲ್ಲಿ ಇಪ್ಪತ್ತು ಯಂತ್ರ ಬರುತ್ತವೆ, ಶೆಡ್ಡಿನಲ್ಲಿ ಹದಿನೇಳು ಇರುತ್ತವೆ. ಮೂರು ಎಂದೋ ಮೋಡಕಾಕ್ಕೆ (ಗುಜರಿಗೆ) ಹೋಗಿವೆ, ಪುಸ್ತಕದಿಂದ ಯಾರೂ ತೆಗೆದಿಲ್ಲ. ಜೊತೆಗೆ ಪುಸ್ತಕದಲ್ಲೇ ಇಲ್ಲದ ಎರಡು ಯಂತ್ರ ಮೂಲೆಯಲ್ಲಿ ಓಡುತ್ತಿರುತ್ತವೆ. ವ್ಯಾಲ್ಯುಯರ್ ಕಣ್ಣಿಗೆ ಕಂಡದ್ದಕ್ಕೆ, ಅದೂ ನಿಮ್ಮದೇ ಎಂದು ಕಾಗದ ಹೇಳಿದ್ದಕ್ಕೆ ಬೆಲೆ ಹಾಕುತ್ತಾರೆ. ಶೆಡ್ಡಿಗೂ ಲೆಡ್ಜರಿಗೂ ನಡುವೆ ಇರುವ ಅಂತರವನ್ನು ಅವರು ಹುಡುಕುವ ಮೊದಲು ನೀವೇ ಹುಡುಕಬೇಕು. ಉಳಿದ ಕಾಗದದ ಕೆಲಸವೆಲ್ಲ ಇದರ ಬೆನ್ನಿಗೆ ಬರುವಂಥದ್ದು.

ಪಟ್ಟಿಯಲ್ಲಿ ಏನೇನು ಇರಬೇಕು?

ಯಂತ್ರದ ಹೆಸರು, ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ, ನೀವು ಕೊಂಡ ದಿನಾಂಕ, ಬಿಲ್ ನಂಬರ್, ಬಿಲ್ಲಿನ ಮೊತ್ತ, ಹೊಸದೋ ಸೆಕೆಂಡ್ ಹ್ಯಾಂಡೋ, ಈಗ ಓಡುತ್ತಿದೆಯೋ ಇಲ್ಲವೋ. ಮೋಟಾರಿನ ಎಚ್‌ಪಿ ಬೇರೆ ಕಾಲಮ್ಮಿನಲ್ಲಿರಲಿ. ಸಾಮರ್ಥ್ಯ ಬರೆಯುವುದನ್ನು ಮರೆಯಬೇಡಿ. ‘ಲೇತ್ ಮಷಿನ್, 1 ನಂಬರ್’ ಎಂದು ಬರೆದರೆ ಅದಕ್ಕೆ ಯಾರೂ ಬೆಲೆ ಹಾಕಲಾರರು. ಆರು ಅಡಿ ಬೆಡ್ಡೋ ಹತ್ತಡಿ ಬೆಡ್ಡೋ, ಸಾದಾ ಲೇತೋ ಸಿಎನ್‌ಸಿಯೋ ಎನ್ನುವುದರಲ್ಲೇ ಲಕ್ಷಗಟ್ಟಲೆ ವ್ಯತ್ಯಾಸವಿದೆ.

ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಗದಗಿನ ಒಂದು ಪ್ರೆಸ್ಸಿನ ಪಟ್ಟಿ ಮಾಡುವಾಗ ಎರಡು ಬಣ್ಣದ ಆಫ್‌ಸೆಟ್ ಯಂತ್ರದ ಸೀರಿಯಲ್ ನಂಬರ್ ಎಂದು ಅದರ ಮೋಟಾರಿನ ಪ್ಲೇಟಿನಲ್ಲಿದ್ದ ನಂಬರನ್ನು ಬರೆದುಬಿಟ್ಟಿದ್ದೆ. ಯಂತ್ರದ ನಂಬರ್ ಫ್ರೇಮಿನ ಮೇಲೆ ಕೊರೆದಿತ್ತು, ಮಸಿ ತುಂಬಿಕೊಂಡು ಕಾಣುತ್ತಿರಲಿಲ್ಲ. ಬಿಲ್ಲಿನಲ್ಲಿ ಒಂದು ನಂಬರ್, ನನ್ನ ಪಟ್ಟಿಯಲ್ಲಿ ಇನ್ನೊಂದು. ‘ಸಾವಕಾರ್ರ, ಬಿಲ್ ಈ ಮಷಿನ್ನಿಂದಲ್ರಿ’ ಎಂದು ವ್ಯಾಲ್ಯುಯರ್ ಅಂದಾಗ ಪ್ರೆಸ್ಸಿನವರು ನನ್ನ ಮುಖ ನೋಡಿದರು. ಆಮೇಲೆ ಸರಿಹೋಯಿತು, ಆದರೆ ಅಲ್ಲಿಂದ ಮುಂದೆ ಅವರು ನಮ್ಮ ಪಟ್ಟಿಯ ಪ್ರತಿ ಸಾಲನ್ನೂ ಅನುಮಾನದಿಂದಲೇ ನೋಡಿದರು. ಮೋಟಾರಿನದು ಒಂದು ನಂಬರ್, ಯಂತ್ರದ್ದು ಇನ್ನೊಂದು. ಎರಡನ್ನೂ ಬರೆಯಿರಿ, ಮೊಬೈಲಿನಲ್ಲಿ ಫೋಟೋ ಹೊಡೆದಿಡಿ.

ಯಾವ ಉದ್ದೇಶಕ್ಕೆ ವ್ಯಾಲ್ಯುಯೇಶನ್ ಅಂತ ಯಾಕೆ ಅಷ್ಟು ಸಲ ಕೇಳುತ್ತಾರೆ?

ಉದ್ದೇಶ ಬದಲಾದರೆ ಬೆಲೆಯೂ ಬದಲಾಗುತ್ತದೆ, ಕೇಳುವ ಕಾಗದವೂ ಬದಲಾಗುತ್ತದೆ. ಬ್ಯಾಂಕ್ ಸಾಲಕ್ಕಾದರೆ ಇವತ್ತಿನ ಮಾರುಕಟ್ಟೆ ಬೆಲೆ, ಅದರ ಜೊತೆಗೆ ನಿಜವಾಗಿ ಕೈಗೆ ಬರಬಹುದಾದ ಬೆಲೆ, ಅವಸರದಲ್ಲಿ ಮಾರಿದರೆ ಬರುವ ಬೆಲೆ ಎಂದು ಎರಡು-ಮೂರು ಅಂಕಿ ಬರೆಯುತ್ತಾರೆ. ಪಾಲುದಾರರೊಬ್ಬರು ಬಿಟ್ಟುಹೋಗುತ್ತಿದ್ದರೆ ಅವರು ಹೊರಬಿದ್ದ ದಿನಾಂಕದ ಬೆಲೆ ಬೇಕು, ಪಾಲುದಾರಿಕೆ ಪತ್ರದಲ್ಲಿ ಲೆಕ್ಕ ಹಾಕುವ ಬಗೆ ಬರೆದಿದ್ದರೆ ಅದೂ ಬೇಕು. ವಿಮೆಗಾದರೆ ಅದೇ ಯಂತ್ರವನ್ನು ಇವತ್ತು ಹೊಸದಾಗಿ ತಂದು ಕೂರಿಸಲು ಎಷ್ಟು ಬೇಕು ಎನ್ನುವ ಲೆಕ್ಕ. ಹಳೆಯ ಜಾಗ ಮಾರಿ ಬಂಡವಾಳ ಲಾಭದ ತೆರಿಗೆ ಕಟ್ಟುವವರಿಗೆ, ಜಾಗ 2001ಕ್ಕಿಂತ ಮುಂಚಿನದಾದರೆ, 2001ರ ಏಪ್ರಿಲ್ 1ರ ಬೆಲೆ ಬೇಕಾಗುತ್ತದೆ. ಅದಕ್ಕೆ ಆ ಕಾಲದ ಸಬ್ ರಿಜಿಸ್ಟ್ರಾರ್ ದರದ ದಾಖಲೆ ಹುಡುಕಬೇಕು.

ಆದ್ದರಿಂದ ಕೆಲಸ ಒಪ್ಪಿಸುವ ಪತ್ರದಲ್ಲಿ ಉದ್ದೇಶ, ಯಾವ ದಿನಾಂಕದ ಬೆಲೆ, ಯಾವ ಯಾವ ಆಸ್ತಿ ಎನ್ನುವುದನ್ನು ಸ್ಪಷ್ಟವಾಗಿ ಬರೆದುಕೊಡಿ. ಬ್ಯಾಂಕಿಗೆಂದು ಮಾಡಿಸಿದ ವರದಿಯನ್ನು ಅಣ್ಣತಮ್ಮಂದಿರ ವಾಟ್ನಿಗೆ (ಆಸ್ತಿ ಪಾಲಿಗೆ) ತೋರಿಸಿ ಜಗಳ ಮಾಡಿಕೊಂಡವರನ್ನು ನೋಡಿದ್ದೇನೆ.

ಯಾರನ್ನು ಕರೆಯಬೇಕು? ನಮ್ಮ ಎಂಜಿನಿಯರ್ ಒಬ್ಬರು ಬರೆದುಕೊಡುತ್ತೇನೆ ಅಂತಾರೆ.

ವರದಿ ಯಾರ ಕೈಗೆ ಹೋಗುತ್ತದೋ ಅವರನ್ನೇ ಮೊದಲು ಕೇಳಿ. ಬ್ಯಾಂಕಿಗಾದರೆ ಬ್ಯಾಂಕಿನ ಪ್ಯಾನೆಲ್ಲಿನಲ್ಲಿರುವವರೇ ಆಗಬೇಕು. ಕಂಪನಿ ಕಾಯ್ದೆಯಡಿ ಬೇಕಾದ ಮೌಲ್ಯಮಾಪನಕ್ಕೆ ಐಬಿಬಿಐನಲ್ಲಿ, ಅಂದರೆ ಇನ್‌ಸಾಲ್ವೆನ್ಸಿ ಆ್ಯಂಡ್ ಬ್ಯಾಂಕ್ರಪ್ಸಿ ಬೋರ್ಡಿನಲ್ಲಿ ನೋಂದಾಯಿತರಾದವರೇ ಬೇಕು. 2017ರ ನಿಯಮಗಳ ಪ್ರಕಾರ ಅಲ್ಲಿ ಮೂರು ವರ್ಗಗಳಿವೆ: ಜಮೀನು ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮತ್ತು ಹಣಕಾಸು ಆಸ್ತಿ. ಕಟ್ಟಡದ ವರ್ಗದವರು ನಿಮ್ಮ ಯಂತ್ರಕ್ಕೆ ಆ ನೋಂದಣಿಯ ಮೇಲೆ ಬೆಲೆ ಹಾಕುವಂತಿಲ್ಲ. ಎರಡೂ ಬೇಕಿದ್ದರೆ ಎರಡೂ ನೋಂದಣಿ ಇರುವವರು, ಇಲ್ಲವೇ ಇಬ್ಬರು. ನೋಂದಣಿ ಸಂಖ್ಯೆಯನ್ನು ಐಬಿಬಿಐ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬಹುದು.

ನಿಮ್ಮ ವ್ಯಾಪಾರದಲ್ಲಿ ಪಾಲು ಇರುವವರು ಆಗಬಾರದು. ಕಾಯ್ದೆ ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷದ ಹಿತಾಸಕ್ತಿಯನ್ನೂ ನೋಡುತ್ತದೆ.

ಹಳೆ ಯಂತ್ರಕ್ಕೆ ಬಿಲ್ಲೇ ಇಲ್ಲ. ಏನು ಮಾಡಲಿ?

ಇದು ನಮ್ಮ ಕಡೆಯ ಅತಿ ದೊಡ್ಡ ಪ್ರಶ್ನೆ. ಅಣ್ಣಿಗೇರಿಯ ಮಿಲ್ ಮುಚ್ಚಿದಾಗ ಅಪ್ಪ ನಗದು ಕೊಟ್ಟು ತಂದ ಹತ್ತಿಯ ಜಿನ್, ಲಿಲಾವಿನಲ್ಲಿ (ಹರಾಜಿನಲ್ಲಿ) ಹಿಡಿದ ಬಾಯ್ಲರ್, ಕೊಯಮತ್ತೂರಿನಿಂದ ಲಾರಿಯಲ್ಲಿ ಬಂದ ಲೇತ್. ಬಿಲ್ ಇತ್ತು, ವರಲಿ (ಗೆದ್ದಲು) ತಿಂದಿತು ಎನ್ನುವವರೂ ಇದ್ದಾರೆ.

ಬಿಲ್ಲೊಂದೇ ಸಾಕ್ಷಿಯಲ್ಲ. ಲಾರಿ ಬಾಡಿಗೆಯ ರಸೀದಿ, ಡೆಲಿವರಿ ಚಲನ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಣ ಹೋದ ಸಾಲು, ಸಾಲ ತೆಗೆದಾಗ ಬ್ಯಾಂಕಿಗೆ ಕೊಟ್ಟ ಕೊಟೇಶನ್, ಲಿಲಾವಿನ ಠರಾವು ಪ್ರತಿ, ಆ ವರ್ಷದ ಆಡಿಟ್ ವರದಿಯಲ್ಲಿ ಸವಕಳಿ ಪಟ್ಟಿ, ವಿಮೆ ಪಾಲಿಸಿಯ ಜೊತೆಗಿದ್ದ ಯಂತ್ರಗಳ ಪಟ್ಟಿ, ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರು, ಬಾಯ್ಲರಾದರೆ ತಪಾಸಣೆಯ ಪ್ರಮಾಣಪತ್ರ. ಇವುಗಳಲ್ಲಿ ಎರಡು-ಮೂರು ಸಿಕ್ಕರೆ ಯಂತ್ರ ಯಾವಾಗಿನಿಂದ ನಿಮ್ಮ ಕೈಯಲ್ಲಿದೆ ಎಂಬುದು ನಿಲ್ಲುತ್ತದೆ. ತಯಾರಕ ಕಂಪನಿ ಇನ್ನೂ ಇದ್ದರೆ ಸೀರಿಯಲ್ ನಂಬರ್ ಕೊಟ್ಟು ಬರೆದು ಕೇಳಿ. ತಯಾರಾದ ವರ್ಷ, ಮೊದಲು ಯಾರಿಗೆ ಮಾರಿದ್ದು ಎಂಬುದನ್ನು ಹೇಳುವ ಕಂಪನಿಗಳಿವೆ. ಹೊರದೇಶದಿಂದ ಬಂದ ಪ್ರೆಸ್ ಯಂತ್ರವಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಬಿಲ್ಲಿಗಿಂತ ಗಟ್ಟಿ ಕಾಗದ.

2017ರ ಜುಲೈಗಿಂತ ಮುಂಚಿನ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರುವುದಿಲ್ಲ, ಹಳೆ ವ್ಯಾಟ್ ತೆರಿಗೆಯ ನೋಂದಣಿ ನಂಬರ್ (ಟಿನ್) ಇರುತ್ತದೆ. ಅದಕ್ಕೆ ಗಾಬರಿಯಾಗುವುದು ಬೇಡ.

ಏನೂ ಸಿಗದಿದ್ದರೆ ‘ಬಿಲ್ ಲಭ್ಯವಿಲ್ಲ’ ಎಂದು ಪಟ್ಟಿಯಲ್ಲೇ ಬರೆಯಿರಿ. ಈಗ ಯಾರದೋ ಲೆಟರ್‌ಹೆಡ್ಡಿನಲ್ಲಿ ಹಳೆ ದಿನಾಂಕ ಹಾಕಿ ಬಿಲ್ ಮಾಡಿಸಬೇಡಿ. ಒಂದು ಸುಳ್ಳು ಬಿಲ್ ಸಿಕ್ಕರೆ ಹತ್ತು ನಿಜ ಬಿಲ್‌ಗಳ ಬೆಲೆ ಹೋಗುತ್ತದೆ, ಮೇಲೆ ಅದು ಅಪರಾಧ.

ಪುಸ್ತಕದಲ್ಲಿ ಯಂತ್ರದ ಬೆಲೆ ಬಹಳ ಇಳಿದಿದೆ. ಅದನ್ನೇ ಹಾಕುತ್ತಾರಾ?

ಇಲ್ಲ. ಪುಸ್ತಕದ ಬೆಲೆ ತೆರಿಗೆ ಲೆಕ್ಕದ ಸವಕಳಿ ಕಳೆದು ಉಳಿದದ್ದು. ಸಾಮಾನ್ಯ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 15ರಂತೆ, ಪ್ರತಿ ಸಲ ಉಳಿದ ಮೊತ್ತದ ಮೇಲೆ ಕಳೆಯುತ್ತಾರೆ. 10 ಲಕ್ಷದ ಯಂತ್ರ ಹತ್ತು ವರ್ಷಕ್ಕೆ ಸುಮಾರು 1 ಲಕ್ಷ 97 ಸಾವಿರಕ್ಕೆ ಬಂದು ನಿಲ್ಲುತ್ತದೆ. ಆದರೆ ಅದೇ ಯಂತ್ರ ಇವತ್ತು ಹೊಸದಾಗಿ 18 ಲಕ್ಷ ಆಗಿದ್ದರೆ, ನಿಮ್ಮದು ಚೆನ್ನಾಗಿ ಓಡುತ್ತಿದ್ದರೆ, ವ್ಯಾಲ್ಯುಯರ್ ಆ 18 ಲಕ್ಷದಿಂದ ಶುರು ಮಾಡಿ ವಯಸ್ಸು, ಸವೆತ, ಹಳೆ ತಂತ್ರಜ್ಞಾನ ಎಂದು ಕಳೆಯುತ್ತಾ ಬರುತ್ತಾರೆ. ಉತ್ತರ ಪುಸ್ತಕಕ್ಕಿಂತ ಎಷ್ಟೋ ಮೇಲಿರಬಹುದು. ಕೆಳಗೂ ಇರಬಹುದು: ಪ್ರೆಸ್ಸಿಗೆ ಪ್ಲೇಟ್ ಮಾಡುವ ನಾಲ್ಕು ವರ್ಷದ ಕಂಪ್ಯೂಟರ್-ಟು-ಪ್ಲೇಟ್ ಯಂತ್ರಕ್ಕೆ ಬಿಡಿಭಾಗ ಸಿಗದಿದ್ದರೆ ಅದು ಮೋಡಕಾ ಲೆಕ್ಕವೇ.

ಇಲ್ಲಿ ನಿಮ್ಮ ಕೈಯಲ್ಲಿರುವ ಕಾಗದ ಯಾವುದೆಂದರೆ ರಿಪೇರಿಯದು. ಸ್ಪಿಂಡಲ್ ಬದಲಿಸಿದ್ದು, ಬೆಡ್ ಗ್ರೈಂಡ್ ಮಾಡಿಸಿದ್ದು, ಮೋಟಾರ್ ರೀವೈಂಡಿಂಗ್, ಹೊಸ ಪ್ಯಾನೆಲ್. ಇವುಗಳ ಬಿಲ್ಲನ್ನು ನಮ್ಮವರು ಖರ್ಚಿಗೆ ಹಾಕಿ ಕಟ್ಟಿ ಅಟ್ಟದ ಮೇಲೆ ಎಸೆದಿರುತ್ತಾರೆ. ಯಂತ್ರದ ಉಳಿದ ಆಯುಷ್ಯ ಎಷ್ಟು ಎಂದು ಹೇಳುವ ಕಾಗದ ಇವೇ. ಕೆಳಗಿಳಿಸಿ ಧೂಳು ಕೊಡವಿ.

ಬಿಲ್ಲಿನ ಮೊತ್ತದಲ್ಲಿ ಜಿಎಸ್‌ಟಿ ಸೇರಿಸಬೇಕಾ?

ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ, ಅಂದರೆ ಆ ಜಿಎಸ್‌ಟಿಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡಿದ್ದರೆ, ಬೇಡ. ತೆಗೆದುಕೊಂಡಿಲ್ಲವಾದರೆ ಸೇರಿಸಿ. ಲಾರಿ ಬಾಡಿಗೆ, ಫೌಂಡೇಶನ್, ಕೂರಿಸಿದ ಖರ್ಚು ಬೇರೆ ಕಾಲಮ್ಮಿನಲ್ಲಿ ತೋರಿಸಿ.

ಜಾಗದ ಕಾಗದ ಯಾವುವು?

ಇಲ್ಲಿ ನಮ್ಮ ಭಾಗದ ಗೋಜಲು ಬೇರೆಯೇ. ಮುಂಬೈ ಪ್ರಾಂತ್ಯದಲ್ಲಿದ್ದ ಊರುಗಳಾದ್ದರಿಂದ ಹುಬ್ಬಳ್ಳಿ-ಧಾರವಾಡದ ಹಳೆ ಪ್ರದೇಶದ ಜಾಗಕ್ಕೆ ಸಿಟಿಎಸ್ (ನಗರ ಸರ್ವೆ) ನಂಬರ್ ಮತ್ತು ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಇರುತ್ತದೆ. ಹೊಲವಿದ್ದು ಆಮೇಲೆ ಬಿನ್‌ಶೇತ್ಕಿ (ಕೃಷಿಯೇತರ, ಎನ್‌ಎ) ಮಾಡಿಸಿದ ಜಾಗಕ್ಕೆ ಉತಾರ (ಪಹಣಿ) ಮತ್ತು ಜಿಲ್ಲಾಧಿಕಾರಿಗಳ ಎನ್‌ಎ ಆದೇಶ ಬೇಕು. ಪಾಲಿಕೆಯ ಹದ್ದಿನಲ್ಲಿದ್ದರೆ ಇ-ಖಾತಾ, ತೆರಿಗೆ ಕಟ್ಟಿದ ಚಲನ್. ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವೆಲ್ಲದರ ಜೊತೆ ನೋಂದಾಯಿತ ಖರೀದಿ ಪತ್ರ, ಋಣಭಾರ ಪತ್ರ, ಮಂಜೂರಾದ ನಕ್ಷೆ. ಋಣಭಾರ ಪತ್ರವನ್ನು ಕಾವೇರಿ ಪೋರ್ಟಲ್ಲಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದನ್ನು ಆನ್‌ಲೈನಾಗಿ ಪಡೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ. ನಮೂನೆ 15 ಬಂದರೆ ವ್ಯವಹಾರಗಳಿವೆ ಎಂದು, ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ಇಲ್ಲ ಎಂದು. ಸಾಲ ತೀರಿಸಿ ವರ್ಷಗಳಾದರೂ ಉತಾರದಲ್ಲಿ ಬ್ಯಾಂಕಿನ ಬೋಜಾ (ಸಾಲದ ನಮೂದು) ಹಾಗೇ ಕೂತಿರುವುದು ಸಾಮಾನ್ಯ. ಮೊದಲು ಅದನ್ನು ಕಮ್ಮಿ ಮಾಡಿಸಿ, ಅಂದರೆ ತೆಗೆಸಿಹಾಕಿ.

ತಾರಿಹಾಳ, ಗಾಮನಗಟ್ಟಿ, ಬೇಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಇದ್ದವರಿಗೆ ಕಾಗದ ಬೇರೆ: ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್-ಕಮ್-ಸೇಲ್ ಅಗ್ರಿಮೆಂಟ್. ಸೇಲ್ ಡೀಡ್ ಆಗುವವರೆಗೆ ನೀವು ಗೇಣಿದಾರರು, ಮಾಲೀಕರಲ್ಲ. ‘ನಮ್ಮ ಪ್ಲಾಟು’ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದರೂ ವ್ಯಾಲ್ಯುಯರ್ ಗೇಣಿ ಹಕ್ಕಿನ ಬೆಲೆಯನ್ನೇ ನೋಡಬೇಕಾಗುತ್ತದೆ. ಷರತ್ತುಗಳನ್ನು ಪೂರೈಸಿ ಸೇಲ್ ಡೀಡಿಗೆ ಅರ್ಜಿ ಹಾಕಿದ್ದರೆ ಆ ಅರ್ಜಿಯ ಪ್ರತಿ ಕೊಡಿ.

ಅಳತೆಯ ಒಂದು ಪೀಕಲಾಟವಿದೆ. ಹಳೆ ಖರೀದಿ ಪತ್ರ ಚದರ ಗಜದಲ್ಲಿ, ಉತಾರ ಗುಂಟೆಯಲ್ಲಿ, ಪ್ರಾಪರ್ಟಿ ಕಾರ್ಡ್ ಚದರ ಮೀಟರಿನಲ್ಲಿ, ಪಾಲಿಕೆ ತೆರಿಗೆ ಚದರ ಅಡಿಯಲ್ಲಿ ಇರುತ್ತದೆ. ಒಂದು ಗುಂಟೆಗೆ 1,089 ಚದರ ಅಡಿ. ಐದು ಗುಂಟೆ ಅಂದರೆ 5,445 ಚದರ ಅಡಿ, 605 ಚದರ ಗಜ, ಸುಮಾರು 506 ಚದರ ಮೀಟರ್. ನಾಲ್ಕೂ ಕಾಗದದ ಅಂಕಿಯನ್ನು ಒಂದೇ ಮಾನಕ್ಕೆ ಇಳಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಹೊಂದದಿದ್ದರೆ ಕಡಿಮೆ ಇರುವ ಅಂಕಿಗೇ ಬೆಲೆ ಬೀಳುವ ಸಂಭವ ಹೆಚ್ಚು.

ಜಾಗ ಅಪ್ಪಾಜಿ ಹೆಸರಿನಲ್ಲಿದೆ, ಫರ್ಮ್ ನನ್ನದು. ತೊಂದರೆಯಾ?

ತೊಂದರೆಯಲ್ಲ, ಆದರೆ ಜಾಗ ಫರ್ಮಿನ ಆಸ್ತಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಅವರು ಫರ್ಮಿಗೆ ಬಾಡಿಗೆಗೆ ಕೊಟ್ಟ ಕರಾರು ಇರಲಿ. ನಿಮ್ಮ ಖರ್ಚಿನಲ್ಲಿ ಶೆಡ್ ಕಟ್ಟಿದ್ದರೆ ಕಟ್ಟಿದವರಿಗೆ ದುಡ್ಡು ಕೊಟ್ಟ ಬಿಲ್‌ಗಳು ಬೇರೆ. ಅಪ್ಪಾಜಿ ತೀರಿಕೊಂಡಿದ್ದು ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಇನ್ನೂ ಆಗದಿದ್ದರೆ ವ್ಯಾಲ್ಯುಯೇಶನ್ನಿಗಿಂತ ಮೊದಲು ವಾರಸಾ ಮಾಡಿಸಿ. ಅಕ್ಕತಂಗಿಯರ ಹೆಸರು ಬಿಟ್ಟು ಮಾಡಿಸಲು ಹೋಗಬೇಡಿ, ಕಾನೂನು ಅವರ ಜೊತೆಗಿದೆ.

ನಕ್ಷೆಗಿಂತ ಹೆಚ್ಚು ಕಟ್ಟಿದ್ದೇವೆ.

ಹೇಳಿಬಿಡಿ. ವ್ಯಾಲ್ಯುಯರ್ ಟೇಪ್ ಹಿಡಿದು ಅಳೆದೇ ಅಳೆಯುತ್ತಾರೆ. ಅನುಮತಿಯಿಲ್ಲದ ಭಾಗವನ್ನು ಬೇರೆ ತೋರಿಸುತ್ತಾರೆ. ಬ್ಯಾಂಕು ಅದನ್ನು ಲೆಕ್ಕಕ್ಕೆ ಹಿಡಿಯದೆ ಹೋಗಬಹುದು.

ಸರಕಿನ ಲೆಕ್ಕ ಹೇಗೆ? ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ.

ಮೆಣಸಿನಕಾಯಿಯಲ್ಲಿ ಕಾಗದಕ್ಕಿಂತ ಮೊದಲು ಕೇಳುವ ಪ್ರಶ್ನೆ ‘ಯಾರ ಮಾಲು?’ ಎಂಬುದು. ಒಂದೇ ಕೋಲ್ಡ್ ಸ್ಟೋರೇಜಿನ ಒಂದೇ ಚೇಂಬರಿನಲ್ಲಿ ನಿಮ್ಮ ಚೀಲ, ರೈತರು ಇಟ್ಟ ಚೀಲ, ಇನ್ನೊಬ್ಬ ವ್ಯಾಪಾರಿಯ ಚೀಲ ಒಟ್ಟಿಗೆ ಇರುತ್ತವೆ. ನಿಮ್ಮ ಹೆಸರಿನ ರಸೀದಿ, ಲಾಟ್ ನಂಬರ್, ಚೀಲದ ಸಂಖ್ಯೆ, ತೂಕ ಹೊಂದಬೇಕು. ಎಪಿಎಂಸಿ ಖರೀದಿಯ ಬಿಲ್ ಲಾಟ್‌ವಾರು ಇಡಿ. ಯಾವುದು ಬ್ಯಾಡಗಿ ಕಡ್ಡಿ, ಯಾವುದು ಡಬ್ಬಿ, ಯಾವುದು ಗುಂಟೂರು ಎಂದು ಬರೆಯಿರಿ. ಬಣ್ಣವೇ ಬೆಲೆಯಾದ ಮಾಲಿದು, ಹೋದ ವರ್ಷದ ದಾಸ್ತಾನು ಈ ವರ್ಷದ ದರಕ್ಕೆ ನಿಲ್ಲುವುದಿಲ್ಲ. ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿಗೂ ಜಿಎಸ್‌ಟಿ ರಿಟರ್ನಿಗೂ ತಾಳೆ ಇರಲಿ. ಅಲ್ಲಿ ಒಂದು, ಇಲ್ಲಿ ಇನ್ನೊಂದು ಬರೆದವರು ಆ ದಿನ ಬೆವರುತ್ತಾರೆ.

ಹೆಸರಿಗೆ, ಗುಡ್‌ವಿಲ್‌ಗೆ ಬೆಲೆ ಇಲ್ಲವಾ?

ಇದೆ, ಆದರೆ ಅದು ಯಂತ್ರದ ವ್ಯಾಲ್ಯುಯರ್ ಕೆಲಸವಲ್ಲ. ಟ್ರೇಡ್‌ಮಾರ್ಕ್ ನೋಂದಣಿ ಪತ್ರ ಕೊಡಿ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗಿದೆಯೇ ನೋಡಿಕೊಳ್ಳಿ. ‘ಬ್ಯಾಡಗಿ ಮೆಣಸಿನಕಾಯಿ’, ‘ಧಾರವಾಡ ಪೇಢಾ’ ಇವು ಭೌಗೋಳಿಕ ಗುರುತಿನ ಹೆಸರುಗಳು, ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ. ಪ್ಯಾಕೆಟ್ಟಿನ ಮೇಲೆ ಆ ಅಕ್ಷರ ದೊಡ್ಡದಾಗಿವೆ ಎಂದು ಅದನ್ನು ನಿಮ್ಮ ಆಸ್ತಿ ಪಟ್ಟಿಯಲ್ಲಿ ಬರೆಯಲಾಗದು.

ಮೂಲ ಕಾಗದವೆಲ್ಲ ಬ್ಯಾಂಕಿನಲ್ಲಿ ಅಡವಿದೆ.

ಬ್ಯಾಂಕಿಗೆ ಪತ್ರ ಬರೆದು ದೃಢೀಕರಿಸಿದ ಪ್ರತಿ ಮತ್ತು ಇಟ್ಟುಕೊಂಡಿರುವ ದಾಖಲೆಗಳ ಪಟ್ಟಿ ಕೇಳಿ. ಕನಿಷ್ಠ ಹದಿನೈದು ದಿನ ಮುಂಚೆ.

ಒಂದು ಸ್ವಲ್ಪ ಜಾಸ್ತಿ ಬರೆಸಬಹುದಾ?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುತ್ತೇನೆ: ವಿಮೆಗೆ ಯಾಕೆ ಕಮ್ಮಿ ಬರೆಸಿದಿರಿ? ಸಾಲಕ್ಕೆ ಏರಿಸುವವರೇ ಪ್ರೀಮಿಯಂ ಉಳಿಸಲೆಂದು ವಿಮೆಗೆ ಇಳಿಸಿರುತ್ತಾರೆ. ಬೆಂಕಿ ವಿಮೆಯಲ್ಲಿ ಸರಾಸರಿ ಷರತ್ತು ಎಂದಿದೆ: ವಿಮೆ ಎಷ್ಟು ಪಾಲು ಕಮ್ಮಿಯೋ ಪರಿಹಾರವೂ ಅಷ್ಟೇ ಪಾಲು ಕಮ್ಮಿ. 50 ಲಕ್ಷದ ಮಾಲಿಗೆ 30 ಲಕ್ಷದ ವಿಮೆ ಮಾಡಿಸಿ, 10 ಲಕ್ಷದ ನಷ್ಟವಾದರೆ ಸಿಗುವುದು 10 ಅಲ್ಲ, 6 ಲಕ್ಷ. ಏರಿಸಿದ ವರದಿ ಸಾಲ ಕೊಡಿಸಬಹುದು, ಬಡ್ಡಿ ಕಟ್ಟುವವರು ನೀವೇ. ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಕೊಡಿ, ಕೆಲಸವಾದರೆ ಇಷ್ಟು ಕೊಡಿ ಎನ್ನುವವರು ಸಿಕ್ಕರೆ ಚಹಾ ಕುಡಿಸಿ ಕಳಿಸಿಬಿಡಿ. ನೋಂದಾಯಿತ ವ್ಯಾಲ್ಯುಯರ್‌ಗಳ ನಡತೆ ಸಂಹಿತೆ ಸಕ್ಸಸ್ ಫೀ ತೆಗೆದುಕೊಳ್ಳುವುದನ್ನು ಬಿಡುವುದಿಲ್ಲ.

ನ್ಯಾಯವಾಗಿ ಬೆಲೆ ಹೆಚ್ಚುವ ದಾರಿ ಬೇರೆ ಇದೆ. ಅದು ರಿಪೇರಿ ಬಿಲ್, ಓಡುವ ಯಂತ್ರ, ಹೊಂದುವ ಅಳತೆ.

ಅವರು ಬರುವ ದಿನ ಏನು ನೋಡಿಕೊಳ್ಳಬೇಕು?

ಕರೆಂಟ್ ಇರುವ ಹೊತ್ತಿಗೆ ಕರೆಯಿರಿ. ಹೆಸ್ಕಾಂ ಲೈನ್ ತೆಗೆಯುವ ದಿನವಾದರೆ ಜನರೇಟರಿಗೆ ಡೀಸೆಲ್ ಹಾಕಿಸಿ. ಓಡಿಸಿ ತೋರಿಸಿದ ಯಂತ್ರಕ್ಕೂ ಸುಮ್ಮನೆ ನಿಂತ ಯಂತ್ರಕ್ಕೂ ವರದಿಯಲ್ಲಿ ಒಂದೇ ಮಾತು ಬರುವುದಿಲ್ಲ. ಯಂತ್ರ ನಡೆಸುವ ಹಳೆ ಆಪರೇಟರ್ ಅಂದು ರಜೆ ಹಾಕದಿರಲಿ, ಅವರಿಗೆ ಗೊತ್ತಿರುವುದು ನಿಮಗೂ ನನಗೂ ಗೊತ್ತಿಲ್ಲ. ಒಂದು ಹೆಸ್ಕಾಂ ಬಿಲ್ ಕೈಯಲ್ಲಿರಲಿ. ಅದರಲ್ಲಿ ಮಂಜೂರಾದ ಲೋಡ್ ಇರುತ್ತದೆ. 40 ಎಚ್‌ಪಿ ಮಂಜೂರಿಯಲ್ಲಿ 90 ಎಚ್‌ಪಿಯ ಯಂತ್ರಗಳನ್ನು ಪಟ್ಟಿಯಲ್ಲಿ ತೋರಿಸಿದರೆ ಹೇಗೆ ಓಡುತ್ತವೆ ಎಂದು ಕೇಳಿಯೇ ಕೇಳುತ್ತಾರೆ.

ಬಾಡಿಗೆಗೆ ತಂದ ಕಂಪ್ರೆಸರ್, ಗಿರಾಕಿಯ ಡೈ, ಜಾಬ್ ವರ್ಕಿಗೆ ಬಂದ ಮಾಲು ಇವುಗಳಿಗೆ ಸುಣ್ಣದಕಡ್ಡಿಯಿಂದ ಗುರುತು ಹಾಕಿಡಿ.

ವರದಿಯ ಕರಡು ಬಂದಿದೆ. ಏನು ನೋಡಲಿ?

ಬೆಲೆ ಆಮೇಲೆ ನೋಡಿ. ಮೊದಲು ಹೆಸರು, ಸರ್ವೆ ಅಥವಾ ಸಿಟಿಎಸ್ ನಂಬರ್, ಚಕ್ಕುಬಂದಿ, ಸೀರಿಯಲ್ ನಂಬರ್, ದಿನಾಂಕ. ಪೂರ್ವಕ್ಕೆ ರಸ್ತೆ ಇರುವುದು ಪಶ್ಚಿಮಕ್ಕೆ ಹೋಗಿರುತ್ತದೆ. ತಪ್ಪಿದ್ದರೆ ಫೋನಿನಲ್ಲಿ ಹೇಳದೆ ಬರೆದು ಕಳಿಸಿ, ಆಧಾರದ ಕಾಗದ ಲಗತ್ತಿಸಿ.

ಜೆರಾಕ್ಸ್ ಎಷ್ಟು ಸೆಟ್ ಮಾಡಿಸಲಿ?

ಎರಡು. ಒಂದು ಅವರಿಗೆ, ಒಂದು ನಿಮಗೆ. ಎರಡಕ್ಕೂ ಒಂದೇ ಪುಟ ಸಂಖ್ಯೆ ಹಾಕಿ, ಮುಂದೆ ಒಂದು ಹಾಳೆ ಸೂಚಿ, ಅದರ ಕೆಳಗೆ ಅವರಿಂದ ‘ಮುಟ್ಟಿದೆ’ ಎಂದು ದಿನಾಂಕ ಸಹಿತ ಸಹಿ. ಮೂಲ ಕಾಗದ ತೋರಿಸಿ, ಕೊಡಬೇಡಿ.